ತಡವಾಗದೆಂದು ಸಾಧಿಸುವುದು ಹೇಗೆ?

ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳನ್ನು ಮೆಟ್ರೊ ರೈಲು ಒಂದೊಂದಾಗಿ ತಲುಪಿದೆ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟಿನಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಸುಮಾರು 19 ಕಿಲೋಮೀಟರ್ ಉದ್ದವಿದ್ದು, 16 ನಿಲ್ದಾಣಗಳನ್ನು ಹೊಂದಿದೆ. ಚಾಲಕರಿಲ್ಲದೆಯೂ ರೈಲು ಓಡಿಸಲು ಅವಕಾಶವಿರುವ, ರೇಡಿಯೋ ಸಂವಹನವನ್ನು ಆಧರಿಸಿದ ಸಿಗ್ನಲ್ ವ್ಯವಸ್ಥೆ ಬೆಂಗಳೂರಿನಲ್ಲಿ ಮೊದಲು ಬಂದದ್ದು ಈ ಮಾರ್ಗದಲ್ಲಿ.

ಇಂಥ ವ್ಯವಸ್ಥೆಯಲ್ಲಿ ರೈಲು ತಾನಿರುವ ಸ್ಥಳವನ್ನು ಹಳಿಬದಿಯ ಗಣಕಕ್ಕೆ ಮತ್ತೆ ಮತ್ತೆ ತಿಳಿಸುತ್ತಿರುತ್ತದೆ. ಆ ಗಣಕವು "ಇಲ್ಲಿಯವರೆಗೆ ನೀನು ಚಲಿಸಬಹುದು" ಎಂಬ ಪರವಾನಗಿಯನ್ನು ರೈಲಿಗೆ ಕಳಿಸುತ್ತಿರುತ್ತದೆ. ನಿಗದಿತ ಅವಧಿಯೊಳಗೆ ಹೊಸ ಸಂದೇಶ ಬಾರದಿದ್ದರೆ ರೈಲು ತಾನಾಗಿಯೇ ಬ್ರೇಕ್ ಹಾಕಿಕೊಳ್ಳಬೇಕು. ಇಲ್ಲಿ ಸಂದೇಶದ ಒಳಗೇನಿದೆ ಎಂಬುದು ಸರಿಯಿದ್ದರೆ ಸಾಲದು. ಅದು ಯಾವಾಗ ತಲುಪಿತು ಎಂಬುದೂ ಸರಿಯಿರಬೇಕು. ತಡವಾಗಿ ಬಂದ ಸರಿ ಉತ್ತರ ಇಲ್ಲಿ ತಪ್ಪು ಉತ್ತರವೇ ಆಗುತ್ತದೆ. ಇಂಥವನ್ನು ಕಾಲಬದ್ಧ ವ್ಯವಸ್ಥೆಗಳು ಎನ್ನಬಹುದು.

ನಮ್ಮ ದೂರವಾಣಿ ಸಂಭಾಷಣೆಯೂ ಇದೇ ಗುಂಪಿಗೆ ಸೇರುತ್ತದೆ. ಮಾತು ಒಂದು ತುದಿಯಿಂದ ಇನ್ನೊಂದು ತುದಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ. ಭೂಸ್ಥಿರ ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ, ಹೋಗಿಬರಲು ಬೆಳಕಿನ ವೇಗದಲ್ಲೇ 0.24 ಸೆಕೆಂಡು ಬೇಕು. 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದ ಮೂಲಕ ನಡೆದ ಪಾಠಗಳಲ್ಲಿ, ವಿದ್ಯಾರ್ಥಿಯ ಪ್ರಶ್ನೆ ಹೋಗಿ ಉತ್ತರ ಬರಲು ಇದರ ಎರಡರಷ್ಟು, ಅಂದರೆ ಅರ್ಧ ಸೆಕೆಂಡಿನಷ್ಟು ವಿಳಂಬ ಅನಿವಾರ್ಯವಾಗಿತ್ತು. ಆದರೆ ಪಾಠದಲ್ಲಿ ವಿಳಂಬವಾದರೆ ಕಿರಿಕಿರಿ ಮಾತ್ರ. ರೈಲಿನಲ್ಲಿ ವಿಳಂಬವಾದರೆ ಅಪಾಯ.

ಪರೀಕ್ಷೆ ಏಕೆ ಸಾಲದು?

ವ್ಯವಸ್ಥೆಯನ್ನು ನಿರ್ಮಿಸಿ, ಸಾವಿರಾರು ಬಾರಿ ಓಡಿಸಿ ನೋಡಿದರಾಯಿತಲ್ಲವೆ? ಒಂದು ಲೆಕ್ಕ ಮಾಡೋಣ. ವ್ಯವಸ್ಥೆಯಲ್ಲಿ 10 ಘಟಕಗಳಿದ್ದು, ಪ್ರತಿಯೊಂದಕ್ಕೂ 10 ಸ್ಥಿತಿಗಳಿದ್ದರೆ ಒಟ್ಟು ಸ್ಥಿತಿಗಳು 10ರ ಘಾತ 10, ಅಂದರೆ ಸಾವಿರ ಕೋಟಿ. ಒಂದೊಂದನ್ನು ಒಂದು ಮಿಲಿಸೆಕೆಂಡಿನಲ್ಲಿ ಪರೀಕ್ಷಿಸಿದರೂ 116 ದಿನಗಳು ಬೇಕು. ಇದರ ಮೇಲೆ ಕಾಲವೂ ಸೇರಿದರೆ? ಕಾಲ ಅವಿಚ್ಛಿನ್ನವಾದ ರಾಶಿ. ಎರಡು ಕ್ಷಣಗಳ ನಡುವೆ ಅಸಂಖ್ಯ ಕ್ಷಣಗಳಿವೆ. ಪರೀಕ್ಷೆಯಿಂದ ದೋಷ ಇದೆ ಎಂದು ತೋರಿಸಬಹುದೇ ಹೊರತು, ಇಲ್ಲವೆಂದು ಸಾಧಿಸಲಾಗದು. ಗಣಕವಿಜ್ಞಾನಿ ಡೈಕ್‌ಸ್ಟ್ರ ಈ ಮಾತನ್ನು ಬಹಳ ಹಿಂದೆಯೇ ಒತ್ತಿ ಹೇಳಿದ್ದರು.

ರೇಖಾಗಣಿತದಲ್ಲಿ ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ನಾವು ಸಾವಿರ ತ್ರಿಭುಜಗಳನ್ನು ಅಳೆದು ನಿರ್ಧರಿಸುವುದಿಲ್ಲ, ಸಾಧಿಸುತ್ತೇವೆ. ಗಣಕ ವ್ಯವಸ್ಥೆಗಳ ಬಗ್ಗೆಯೂ ಹೀಗೆ ಸಾಧಿಸುವ ಗಣಿತವೇ ಔಪಚಾರಿಕ ವಿಧಾನ. ಇದರಲ್ಲಿ ಎರಡು ಹಂತಗಳು. ವ್ಯವಸ್ಥೆ ಹೇಗಿರಬೇಕು ಎಂಬುದನ್ನು ಸಂದಿಗ್ಧವಿಲ್ಲದೆ ಹೇಳುವುದು ನಿರೂಪಣೆ. ವ್ಯವಸ್ಥೆ ಹಾಗೆಯೇ ಇದೆ ಎಂದು ಸಾಧಿಸುವುದು ಪರಿಶೀಲನೆ.

ಇಸ್ರೇಲಿನ ಅಮೀರ್ ಪ್ನೂಲಿ 1977ರಲ್ಲಿ ಕಾಲತರ್ಕವನ್ನು ಗಣಕ ಕ್ರಮವಿಧಿಗಳಿಗೆ ಅನ್ವಯಿಸಿದರು. "ಯಾವಾಗಲೂ", "ಎಂದಾದರೊಮ್ಮೆ" ಎಂಬ ಪದಗಳಿಗೆ ಅಲ್ಲಿ ಗಣಿತದ ಅರ್ಥವಿದೆ. "ಎರಡು ರೈಲುಗಳು ಎಂದಿಗೂ ಒಂದೇ ಜಾಗದಲ್ಲಿರವು" ಎಂಬುದು ಸುರಕ್ಷತೆಯ ಗುಣ. "ನಿಂತ ರೈಲು ಎಂದಾದರೊಮ್ಮೆ ಹೊರಡುತ್ತದೆ" ಎಂಬುದು ಮುನ್ನಡೆಯ ಗುಣ. ಆದರೆ "ಎಂದಾದರೊಮ್ಮೆ ಬ್ರೇಕ್ ಬೀಳುತ್ತದೆ" ಎಂದರೆ ಯಾರಿಗೆ ಸಮಾಧಾನ? ಎಷ್ಟು ಸೆಕೆಂಡಿನೊಳಗೆ ಎಂದು ಹೇಳಬೇಕಾಗುತ್ತದೆ. ಇದಕ್ಕಾಗಿ ರಾಜೀವ್ ಆಲೂರ್ ಮತ್ತು ಡೇವಿಡ್ ಡಿಲ್ 1990ರಲ್ಲಿ ಕಾಲಮಾಪಕಗಳುಳ್ಳ ಸ್ಥಿತಿಯಂತ್ರವನ್ನು ರೂಪಿಸಿದರು. ಇದು ಕೆಲವು ಸ್ಥಿತಿಗಳು, ಅವುಗಳ ನಡುವೆ ಬಾಣಗಳು, ಜೊತೆಗೆ ಸ್ಟಾಪ್‌ವಾಚಿನಂಥ ಕೆಲವು ಗಡಿಯಾರಗಳು ಇರುವ ಒಂದು ಚಿತ್ರ. ಬಾಣದ ಮೇಲೆ "ಗಡಿಯಾರ 2ನ್ನು ಮುಟ್ಟಿದಾಗ ಮಾತ್ರ" ಎಂಬಂಥ ನಿಬಂಧನೆಯನ್ನೂ "ಗಡಿಯಾರವನ್ನು ಸೊನ್ನೆಗೆ ತಿರುಗಿಸು" ಎಂಬ ಆಜ್ಞೆಯನ್ನೂ ಬರೆಯಬಹುದು.

ಒಂದು ಉದಾಹರಣೆ

ವಿವರಣೆಗೆಂದೇ ಆರಿಸಿಕೊಂಡ ಸರಳ ಅಂಕಿಗಳಿಂದ ಒಂದು ರೈಲನ್ನು ಚಿತ್ರಿಸೋಣ. ಹಳಿಬದಿಯ ಗಣಕ ಪ್ರತಿ 0.5 ಸೆಕೆಂಡಿಗೆ ಒಂದು ಸಂದೇಶ ಕಳಿಸುತ್ತದೆ. ಅದು ರೈಲನ್ನು ಮುಟ್ಟಲು ಕನಿಷ್ಠ 0.1, ಗರಿಷ್ಠ 0.3 ಸೆಕೆಂಡು ಬೇಕು. ಕೆಲವು ಸಂದೇಶಗಳು ದಾರಿಯಲ್ಲಿ ಕಳೆದುಹೋಗಬಹುದು. ಸಂದೇಶ ಬಂದೊಡನೆ ರೈಲು ತನ್ನ ಗಡಿಯಾರವನ್ನು ಸೊನ್ನೆ ಮಾಡುತ್ತದೆ. ಅದು 2 ಸೆಕೆಂಡು ತೋರಿಸಿದರೆ ಬ್ರೇಕ್.

ಸತತ ಎರಡು ಸಂದೇಶಗಳು ಕಳೆದವು ಎನ್ನಿ. ಬಂದ ಎರಡು ಸಂದೇಶಗಳ ನಡುವಿನ ಅಂತರ 1.5 ಸೆಕೆಂಡು, ವಿಳಂಬದ ವ್ಯತ್ಯಾಸ ಸೇರಿದರೆ ಹೆಚ್ಚೆಂದರೆ 1.7. ರೈಲು ನಿಲ್ಲುವುದಿಲ್ಲ. ಮೂರು ಕಳೆದರೆ ಅಂತರ 1.8ರಿಂದ 2.2 ಸೆಕೆಂಡಿನವರೆಗೆ ಎಷ್ಟೂ ಇರಬಹುದು. ಅಂದರೆ ಅದೇ ಮೂರು ಸಂದೇಶಗಳು ಕಳೆದಾಗ ರೈಲು ಒಮ್ಮೆ ನಿಲ್ಲುತ್ತದೆ, ಒಮ್ಮೆ ನಿಲ್ಲುವುದಿಲ್ಲ. ಪ್ರಯೋಗಾಲಯದಲ್ಲಿ ನೂರು ಬಾರಿ ನೋಡಿದರೂ ಈ ಎರಡನೆಯ ಮುಖ ಕಾಣದೇ ಹೋಗಬಹುದು.

ಇದಕ್ಕಿಂತ ಗಂಭೀರವಾದ ಅಂಶ ಇನ್ನೊಂದಿದೆ. ನಮ್ಮ ನಿಜವಾದ ಉದ್ದೇಶವೇನು? ಎರಡು ಸೆಕೆಂಡಿಗಿಂತ ಹಳೆಯ ಪರವಾನಗಿಯನ್ನು ನಂಬಿ ರೈಲು ಓಡಬಾರದು ಎಂಬುದು. ಆದರೆ ಗಡಿಯಾರ ಸೊನ್ನೆಯಾಗುವುದು ಸಂದೇಶ ತಲುಪಿದಾಗ. ಆಗಲೇ ಅದಕ್ಕೆ 0.3 ಸೆಕೆಂಡು ವಯಸ್ಸಾಗಿರಬಹುದು. ಹಾಗಾಗಿ ರೈಲು 2.3 ಸೆಕೆಂಡು ಹಳೆಯ ಮಾಹಿತಿಯನ್ನು ನಂಬಿ ಓಡುವ ಸಾಧ್ಯತೆಯಿದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಈ 0.3 ಸೆಕೆಂಡೆಂದರೆ ಸುಮಾರು 6.7 ಮೀಟರ್. ಯಂತ್ರ ಕೆಟ್ಟಿಲ್ಲ, ಕ್ರಮವಿಧಿಯಲ್ಲಿ ತಪ್ಪಿಲ್ಲ. "ಎರಡು ಸೆಕೆಂಡು" ಎಂದವರು ಎಲ್ಲಿಂದ ಎಣಿಸಬೇಕೆಂದು ಹೇಳಲಿಲ್ಲ, ಅಷ್ಟೆ. ದೋಷವಿರುವುದು ನಿರೂಪಣೆಯಲ್ಲಿ.

ಪರಿಹಾರ? ಮಿತಿಯನ್ನು 1.7 ಸೆಕೆಂಡಿಗೆ ಇಳಿಸಬಹುದು. ಆಗ ಸುರಕ್ಷತೆ ಸಿಗುತ್ತದೆ, ಆದರೆ ಎರಡು ಸಂದೇಶಗಳು ಕಳೆದರೂ ಅಂತರ 1.7ನ್ನು ಮುಟ್ಟಿ ರೈಲು ನಿಂತೀತು. ಇಲ್ಲವೇ, ಕಳಿಸಿದ ಸಮಯವನ್ನು ಸಂದೇಶದಲ್ಲೇ ನಮೂದಿಸಬಹುದು. ಆಗ ಎರಡು ಕಳೆದರೆ ವಯಸ್ಸು ಹೆಚ್ಚೆಂದರೆ 1.8, ರೈಲು ಓಡುತ್ತದೆ. ಮೂರು ಕಳೆದರೆ 2ನ್ನು ಖಂಡಿತ ಮೀರುತ್ತದೆ, ರೈಲು ನಿಲ್ಲುತ್ತದೆ. ಸಂದಿಗ್ಧ ಹೋಯಿತು. ಆದರೆ ಈಗ ಎರಡು ಗಡಿಯಾರಗಳು ಹೊಂದಿಕೊಂಡಿರಬೇಕು. ಸ್ಫಟಿಕ ಗಡಿಯಾರವೊಂದು ದಶಲಕ್ಷದಲ್ಲಿ 20 ಭಾಗದಷ್ಟು ತಪ್ಪಿದರೂ ಒಂದು ದಿನಕ್ಕೆ 1.7 ಸೆಕೆಂಡು ವ್ಯತ್ಯಾಸವಾಗುತ್ತದೆ. ಆದ್ದರಿಂದ ಅವನ್ನು ಆಗಾಗ ಸರಿಹೊಂದಿಸುತ್ತಿರಬೇಕು. ಅದನ್ನೂ ಚಿತ್ರದಲ್ಲಿ ಸೇರಿಸಬೇಕು.

ಅನಂತವನ್ನು ಎಣಿಸುವ ಬಗೆ

ಅಸಂಖ್ಯ ಕ್ಷಣಗಳನ್ನು ಗಣಕ ಹೇಗೆ ಪರಿಶೀಲಿಸುತ್ತದೆ? ಎರಡು ಗಡಿಯಾರಗಳ ಅಳತೆಗಳನ್ನು ನಕ್ಷಾಕಾಗದದ ಎರಡು ಅಕ್ಷಗಳ ಮೇಲೆ ಗುರುತಿಸಿ. ಸೊನ್ನೆಯಿಂದ ಒಂದರವರೆಗಿನ ಚೌಕವನ್ನು ನೋಡಿ. ಎರಡೂ ಗಡಿಯಾರಗಳು ಒಂದೇ ವೇಗದಲ್ಲಿ ಓಡುವುದರಿಂದ ಬಿಂದು ಯಾವಾಗಲೂ 45 ಡಿಗ್ರಿ ಓರೆಯಲ್ಲಿ ಮೇಲಕ್ಕೆ ಸಾಗುತ್ತದೆ. ಚೌಕದ ಕರ್ಣವನ್ನು ಎಳೆಯಿರಿ. ಕರ್ಣದ ಒಂದು ಬದಿಯಿಂದ ಹೊರಟ ಯಾವ ಬಿಂದುವೇ ಆಗಲಿ, ಮೊದಲು ಮುಟ್ಟುವುದು ಒಂದೇ ಅಂಚನ್ನು. ನಿಬಂಧನೆಗಳಲ್ಲಿ ಪೂರ್ಣಾಂಕಗಳೇ ಇದ್ದರೆ, ಆ ತ್ರಿಕೋನದೊಳಗಿನ ಎಲ್ಲ ಬಿಂದುಗಳ ಭವಿಷ್ಯವೂ ಒಂದೇ ಬಗೆಯದು. ಹಾಗಾಗಿ 4 ಮೂಲೆ, 4 ಅಂಚು, 1 ಕರ್ಣ, 2 ತ್ರಿಕೋನ, ಒಟ್ಟು 11 ವಲಯಗಳನ್ನು ನೋಡಿದರೆ ಚೌಕದ ಅಸಂಖ್ಯ ಬಿಂದುಗಳನ್ನೂ ನೋಡಿದಂತೆ! ನಮ್ಮ ರೈಲಿನ ಅಂಕಿಗಳನ್ನು 0.1 ಸೆಕೆಂಡಿನ ಮಾನದಲ್ಲಿ ಬರೆದರೆ ಅವೂ ಪೂರ್ಣಾಂಕಗಳೇ. ಆಲೂರ್ ಮತ್ತು ಡಿಲ್ ಅವರ ಮುಖ್ಯ ಕೊಡುಗೆ ಇದು. ಸಾಧ್ಯವಿರುವ ಸ್ಥಿತಿಗಳನ್ನೆಲ್ಲ ಗಣಕದಿಂದಲೇ ಹುಡುಕಿಸುವ ಮಾದರಿ ಪರಿಶೀಲನೆಗಾಗಿ ಕ್ಲಾರ್ಕ್, ಎಮರ್ಸನ್ ಮತ್ತು ಸಿಫಾಕಿಸ್ ಅವರಿಗೆ 2007ರ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಇದರ ಪ್ರಯೋಜನ ಮೊದಲು ಕಂಡ ಕ್ಷೇತ್ರಗಳಲ್ಲಿ ಸಂಗೀತ ಸಾಧನಗಳೂ ಸೇರಿವೆ. ಫಿಲಿಪ್ಸ್ ಕಂಪನಿಯ ಆಡಿಯೋ ಉಪಕರಣಗಳು ಪರಸ್ಪರ ಸಂದೇಶ ಕಳಿಸುವ ವಿಧಾನವನ್ನು ನೆದರ್ಲೆಂಡ್ಸಿನ ಸಂಶೋಧಕರು 1994ರಲ್ಲಿ ವಿಶ್ಲೇಷಿಸಿದರು. ಗಡಿಯಾರಗಳ ತಪ್ಪು 17ರಲ್ಲಿ ಒಂದು ಭಾಗಕ್ಕಿಂತ, ಅಂದರೆ ಶೇ. 5.9ಕ್ಕಿಂತ, ಕಡಿಮೆಯಿದ್ದರೆ ಸಂದೇಶ ಕೆಡದು ಎಂದು ಸಾಧಿಸಿದರು. ಕಂಪನಿ ಇಟ್ಟುಕೊಂಡಿದ್ದ ಮಿತಿ ಶೇ. 5. ಡೆನ್ಮಾರ್ಕಿನ ಬ್ಯಾಂಗ್ ಅಂಡ್ ಒಲುಫ್ಸನ್ ಕಂಪನಿಯ ಆಡಿಯೋ-ವಿಡಿಯೋ ಸಾಧನಗಳಲ್ಲಿ ದೋಷವಿದೆಯೆಂದು ಗೊತ್ತಿದ್ದರೂ ಸಾಮಾನ್ಯ ಪರೀಕ್ಷೆಗಳಿಂದ ಅದು ಎಲ್ಲಿದೆಯೆಂದು ತಿಳಿದಿರಲಿಲ್ಲ. 1997ರಲ್ಲಿ ಉಪ್ಪಾಲ್ ಎಂಬ ತಂತ್ರಾಂಶ ಆ ದೋಷಕ್ಕೆ ಒಯ್ಯುವ ಘಟನೆಗಳ ಸರಣಿಯನ್ನೇ ತೆಗೆದುಕೊಟ್ಟಿತು. ತಿದ್ದುಪಡಿ ಸರಿಯೆಂದೂ ಸಾಧಿಸಿತು. 1998ರಲ್ಲಿ ಆರಂಭವಾದ ಪ್ಯಾರಿಸ್ ಮೆಟ್ರೊದ 14ನೆಯ ಚಾಲಕರಹಿತ ಮಾರ್ಗದ ಸುರಕ್ಷತಾ ತಂತ್ರಾಂಶವನ್ನು "ಬಿ" ಎಂಬ ಔಪಚಾರಿಕ ವಿಧಾನದಿಂದ ರಚಿಸಲಾಗಿತ್ತು.

ಸಾಧನೆಯ ಮಿತಿ

ಸಾಧಿಸಿದ್ದು ಮಾದರಿಯ ಬಗ್ಗೆ. ವಸ್ತುವಿನ ಬಗ್ಗೆ ಅಲ್ಲ. ವಿಳಂಬ 0.3 ಸೆಕೆಂಡು ಮೀರದು ಎಂಬುದು ನಮ್ಮ ಗೃಹೀತ. ರೇಡಿಯೋ ತರಂಗಕ್ಕೆ ಆ ಗೃಹೀತದ ಹಂಗಿಲ್ಲ. 2012ರ ನವೆಂಬರಿನಲ್ಲಿ ಚೀನಾದ ಶೆಂಜೆನ್ ಮೆಟ್ರೊದಲ್ಲಿ ಪ್ರಯಾಣಿಕರ ವೈಫೈ ಸಾಧನಗಳು ಸಿಗ್ನಲ್ ಸಂವಹನಕ್ಕೆ ಅಡ್ಡಿಯಾಗಿ ರೈಲುಗಳು ಅಲ್ಲಲ್ಲೇ ನಿಂತವು. ಡಿಕ್ಕಿಯಾಗಲಿಲ್ಲ. ಸುರಕ್ಷತೆಯ ಗುಣ ಉಳಿಯಿತು, ಮುನ್ನಡೆಯ ಗುಣ ಹೋಯಿತು. ಗೃಹೀತ ಮುರಿದಾಗ ಯಾವುದು ಉಳಿಯಬೇಕು, ಯಾವುದು ಹೋಗಬಹುದು ಎಂಬುದನ್ನೂ ಮೊದಲೇ ತೀರ್ಮಾನಿಸುವುದು ಒಳ್ಳೆಯ ನಿರೂಪಣೆಯ ಲಕ್ಷಣ. ಎಲೆಕ್ಟ್ರಾನಿಕ್ ಸಿಟಿಯಂಥ ಪ್ರದೇಶದಲ್ಲಿ, ಪ್ರತಿ ಪ್ರಯಾಣಿಕನ ಜೇಬಿನಲ್ಲೂ ಒಂದು ರೇಡಿಯೋ ಪ್ರೇಷಕವಿರುವಾಗ, ಇದು ಬರಿಯ ತಾತ್ವಿಕ ಪ್ರಶ್ನೆಯಲ್ಲ. ಘಟಕಗಳು ಹೆಚ್ಚಿದಂತೆ ಸ್ಥಿತಿಗಳು ಘಾತೀಯವಾಗಿ ಹೆಚ್ಚುವುದೂ ಈ ವಿಧಾನದ ಇನ್ನೊಂದು ತೊಡಕು.

ಅಧ್ಯಾಪಕರು ಇದನ್ನು ತರಗತಿಯಲ್ಲೇ ಪ್ರಯತ್ನಿಸಬಹುದು. ಶಾಲೆಯ ಹತ್ತಿರದ ವೃತ್ತದ ಸಂಚಾರ ದೀಪಗಳನ್ನು ಗಮನಿಸಿ, ಸ್ಥಿತಿಗಳನ್ನೂ ಬಾಣಗಳನ್ನೂ ಒಂದು ಗಡಿಯಾರವನ್ನೂ ವಿದ್ಯಾರ್ಥಿಗಳೇ ಬರೆಯಲಿ. "ಎರಡು ಕಡೆ ಎಂದಿಗೂ ಒಟ್ಟಿಗೆ ಹಸಿರು ಬಾರದು", "ಪಾದಚಾರಿ ಕಾಯುವುದು 90 ಸೆಕೆಂಡಿಗಿಂತ ಹೆಚ್ಚಾಗದು" ಎಂಬ ಎರಡು ವಾಕ್ಯಗಳನ್ನು ಕೊಟ್ಟು, ಸಾಧಿಸಿ ಇಲ್ಲವೇ ಪ್ರತಿ-ಉದಾಹರಣೆ ಕೊಡಿ ಎಂದು ಕೇಳಿ. ಕಾಯುವಿಕೆಯನ್ನು ಯಾವ ಕ್ಷಣದಿಂದ ಎಣಿಸಬೇಕು ಎಂಬ ಪ್ರಶ್ನೆ ತರಗತಿಯಿಂದಲೇ ಬಂದೀತು. ಆ ಪ್ರಶ್ನೆ ಬಂತೆಂದರೆ ಪಾಠದ ಮುಖ್ಯ ಭಾಗ ಮುಗಿದಂತೆಯೇ.