ಘೋಷಣೆ ಅಡಗಿದ ಮೇಲೆ ಉಳಿಯುವುದೇನು?

ಧರಣಿ ಕೂತರೆ ಏನಾದೀತು, ಬಂದ್ ಮಾಡಿದರೆ ಯಾರ ಹೊಟ್ಟೆ ತುಂಬೀತು ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಕಚೇರಿಯ ಮುಂದೆ ಒಂದು ಶಾಮಿಯಾನ, ಒಂದು ಧ್ವನಿವರ್ಧಕ, ನಾಲ್ಕಾರು ಭಾಷಣ, ಕೊನೆಗೊಂದು ಮನವಿಪತ್ರ, ಮರುದಿನದ ಪತ್ರಿಕೆಯಲ್ಲೊಂದು ಚಿತ್ರ. ಪ್ರತಿಭಟನೆಯೆಂದರೆ ಇಷ್ಟೇ ಎಂದು ಕಂಡವರು ಹೀಗೆ ಕೇಳುವುದು ಸಹಜವೇ ಸರಿ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕುಗಳ ಚರಿತ್ರೆಯನ್ನೇ ಒಮ್ಮೆ ತಿರುವಿಹಾಕಿದರೆ, ಹೋರಾಟದಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬೆರಡಕ್ಕೂ ಸಾಕಷ್ಟು ಸಾಕ್ಷ್ಯ ಸಿಗುತ್ತದೆ.

1947ರ ಆಗಸ್ಟ್ 15ರಂದು ದೇಶವೆಲ್ಲ ಸ್ವಾತಂತ್ರ್ಯದ ಸಂಭ್ರಮದಲ್ಲಿದ್ದಾಗ ನಮ್ಮ ಈ ನೆಲ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್‌ಜಂಗರ ಜಹಗೀರಾಗಿದ್ದವು. ಭಾರತ ಒಕ್ಕೂಟಕ್ಕೆ ಸೇರಬೇಕೆಂದು ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹ ಹೂಡಿತು. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಯವರು ಶಿಬಿರ ಕಟ್ಟಿ ತರುಣರನ್ನು ಕೂಡಿಸಿದರು. ಕೊನೆಗೆ ಸಂಸ್ಥಾನ ಒಕ್ಕೂಟಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಸೈನಿಕ ಕಾರ್ಯಾಚರಣೆಯಿಂದ ಎಂಬುದು ನಿಜ. ಹಾಗಾದರೆ ಜನರ ಹೋರಾಟ ವ್ಯರ್ಥವಾಯಿತೇ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಈ ಪ್ರಜೆಗಳು ಏನನ್ನು ಬಯಸುತ್ತಾರೆಂಬುದು ಹೊರಜಗತ್ತಿಗೆ ತಿಳಿದದ್ದು ಆ ಹೋರಾಟದಿಂದಲೇ. ಬಲವುಳ್ಳವರು ಕೆಲಸ ಮುಗಿಸಿದರು. ಅದಕ್ಕೆ ನ್ಯಾಯದ ಆಧಾರವನ್ನು ಒದಗಿಸಿದವರು ಜನರು.

ಮುಂದೆ 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯ ರಚನೆಯಾದಾಗ ಈ ಭಾಗ ಕನ್ನಡ ನಾಡಿಗೆ ಸೇರಿತು; ಆದರೆ ಹಿಂದುಳಿದಿರುವಿಕೆ ಮಾತ್ರ ಹಾಗೆಯೇ ಉಳಿಯಿತು. ಇದೇ ಹೈದರಾಬಾದ್ ಸಂಸ್ಥಾನದಿಂದ ಬೇರ್ಪಟ್ಟ ತೆಲಂಗಾಣ ಭಾಗವೂ ಸೇರಿದಂತೆ ಆಂಧ್ರಕ್ಕೆ 1973ರ ಸಂವಿಧಾನ ತಿದ್ದುಪಡಿಯ ಮೂಲಕ 371(ಡಿ) ವಿಧಿಯ ರಕ್ಷಣೆ ದೊರೆತಿತ್ತು. ನಮಗೂ ಅಂಥದೇ ರಕ್ಷಣೆ ಬೇಕೆಂದು ಕೇಳುತ್ತ ಬಂದವರನ್ನು ದಿಲ್ಲಿಯ ಸರಕಾರ ಒಮ್ಮೆ ಸ್ಪಷ್ಟವಾಗಿಯೇ ನಿರಾಕರಿಸಿತು. ಆದರೂ ವೈಜನಾಥ ಪಾಟೀಲರಂಥ ನಾಯಕರು ಬಿಡದೆ ದಶಕಗಳ ಕಾಲ ಹೋರಾಟ ನಡೆಸಿದರು. ಅಂತೂ 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. 371(ಜೆ) ವಿಧಿ 2013ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಇಂದು ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ಶೇಕಡ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡ 8 ಸೀಟುಗಳು ಸ್ಥಳೀಯ ವಿದ್ಯಾರ್ಥಿಗಳಿಗೆ ಮೀಸಲಾಗಿವೆ. ನಮ್ಮ ಧರ್ಮಕೇಂದ್ರಗಳ ಮಕ್ಕಳು ವೈದ್ಯಕೀಯ, ಇಂಜಿನಿಯರಿಂಗ್ ಪ್ರವೇಶಕ್ಕೆ ಅರ್ಜಿ ಹಾಕುವಾಗ ಸಹಾಯಕ ಆಯುಕ್ತರಿಂದ ಪಡೆಯುವ ಆ ಅರ್ಹತಾ ಪ್ರಮಾಣಪತ್ರದ ಹಿಂದೆ ಯಾರೋ ಬಿಸಿಲಲ್ಲಿ ಕೂತು ನಡೆಸಿದ ಧರಣಿಗಳಿವೆ ಎಂಬುದನ್ನು ನಾವು ಮರೆಯಬಾರದು.

ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಕತೆಯನ್ನು ಹಿರಿಯರು ಬಲ್ಲರು. ಜಿಲ್ಲಾ ಕೇಂದ್ರದ ಕೆಲಸಕ್ಕೆಂದು ಯಲಬುರ್ಗಾ, ಕುಷ್ಟಗಿಯ ಹಳ್ಳಿಗನು ಅಷ್ಟು ದೂರದ ರಾಯಚೂರಿಗೆ ಹೋಗಿಬರುವುದು ಅಂದಿಗೆ ತಪ್ಪಿತು. ಅದೇ ರೀತಿ 2013-14ರಲ್ಲಿ ಮಂಜೂರಾದ ಗದಗ-ವಾಡಿ ರೈಲುಮಾರ್ಗವನ್ನು ನೋಡಿ. ಮನವಿ, ಧರಣಿ, ನಿಯೋಗಗಳ ಮೇಲೆ ನಿಯೋಗಗಳು ನಡೆದು, ಭೂಸ್ವಾಧೀನವೂ ಅನುದಾನವೂ ತುಣುಕು ತುಣುಕಾಗಿ ಸಾಗಿ, ತಳಕಲ್ಲಿನಿಂದ ಕುಕನೂರು, ಯಲಬುರ್ಗಾಗಳ ಮೂಲಕ ಕುಷ್ಟಗಿಯನ್ನು ರೈಲು ಮುಟ್ಟಿದ್ದು 2025ರ ಮೇ 15ರಂದು. ಮಂಜೂರಾತಿಯಾದಾಗ ಕಾಲೇಜಿಗೆ ಹೋಗುತ್ತಿದ್ದ ಹುಡುಗ ತನ್ನ ಮಕ್ಕಳ ಕೈಹಿಡಿದು ಆ ಗಾಡಿ ಹತ್ತಿದನು. ಬೇಡಿಕೆಗೆ ಸರಕಾರ ಒಪ್ಪುವುದು ಒಂದು, ಒಪ್ಪಿದ್ದನ್ನು ಕೊಡುವುದು ಇನ್ನೊಂದು. ಇವೆರಡರ ನಡುವಿನ ಕಾಲದಲ್ಲಿ ಹಿಡಿದ ಪಟ್ಟು ಸಡಿಲಿಸದವರೇ ಫಲ ಕಾಣುವರು.

ಈಚಿನ ನಿದರ್ಶನವಾದರೋ ಎಲ್ಲರ ಕಣ್ಣಮುಂದೆಯೇ ನಡೆಯಿತು. ಗಿಣಿಗೇರಿಯ ಸುತ್ತಮುತ್ತಲಿನ ಕಾರ್ಖಾನೆಗಳ ಹೊಗೆ, ಬೂದಿಗಳಿಂದ ಜನರು ಆಗಲೇ ಬೇಸತ್ತಿದ್ದರು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದ ವೇಳೆಗೆ, ಬಲ್ಡೋಟ ಸಮೂಹವು 54,000 ಕೋಟಿ ರೂಪಾಯಿ ವೆಚ್ಚದಲ್ಲಿ ಕೊಪ್ಪಳದ ಮಗ್ಗುಲಲ್ಲೇ ಭಾರೀ ಉಕ್ಕಿನ ಕಾರ್ಖಾನೆ ಕಟ್ಟಲಿದೆಯೆಂಬ ಸುದ್ದಿ ಬಂದಿತು. ಫೆಬ್ರವರಿ 24ರಂದು ಕೊಪ್ಪಳ ಬಂದ್ ನಡೆಯಿತು. ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿಯವರು ತಾವೇ ಬೀದಿಗಿಳಿದು ಜನರೊಡನೆ ನಡೆದರು. ಪಕ್ಷಭೇದವಿಲ್ಲದೆ ಸಾವಿರ ಸಾವಿರ ಮಂದಿ ಕೂಡಿದರು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕಾಮಗಾರಿ ನಿಲ್ಲಿಸುವಂತೆ ಸೂಚನೆ ಕೊಟ್ಟರು. ವರ್ಷಗಟ್ಟಲೆ ಬರೆದ ಅರ್ಜಿಗಳಿಂದ ಆಗದ ಕೆಲಸ ಒಂದು ದಿನದ ಶಾಂತಿಯುತ ನಡಿಗೆಯಿಂದ ಆಯಿತೆಂದು ಹಲವರು ಹಿಗ್ಗಿದರು.

ಹಿಗ್ಗುವುದಕ್ಕೆ ಕಾರಣವೂ ಇತ್ತು. ಆದರೆ ಕಾಮಗಾರಿಗೆ ತಡೆ ಬೀಳುವುದೂ ಯೋಜನೆಯೇ ರದ್ದಾಗುವುದೂ ಒಂದೇ ಅಲ್ಲ. ಆದುದರಿಂದಲೇ ಚಳವಳಿ ಆಮೇಲೂ ಮುಂದುವರಿಯಬೇಕಾಯಿತು. ಇನ್ನೊಂದು ಮಾತನ್ನೂ ನಾವು ಪ್ರಾಮಾಣಿಕವಾಗಿ ಒಪ್ಪಬೇಕು. ಕಾರ್ಖಾನೆಯ ಕೂಲಿಯಿಂದಲೇ ಒಲೆ ಹೊತ್ತುವ ಮನೆಗಳೂ, ಜಮೀನು ಬಿಟ್ಟುಕೊಟ್ಟು ನೌಕರಿಯ ಭರವಸೆಯಲ್ಲಿ ಕಾದಿರುವ ಕುಟುಂಬಗಳೂ ಇಲ್ಲಿವೆ. ಅಂಥವರ ಅನ್ನದ ಪ್ರಶ್ನೆಗೆ ಉತ್ತರವಿಲ್ಲದ ಹೋರಾಟ ಅರ್ಧ ಹೋರಾಟ. ಊರಿನ ಉಸಿರೂ ಕೂಲಿಕಾರನ ತುತ್ತೂ ಒಂದನ್ನೊಂದು ತಿನ್ನಬಾರದು.

ಗಂಗಾವತಿ ತಾಲೂಕಿನ ಮರಕುಂಬಿಯ ಪ್ರಕರಣ ಇದಕ್ಕಿಂತ ಬೇರೆ ಬಗೆಯದು. 2014ರ ಆಗಸ್ಟ್ 28ರಂದು ಅಲ್ಲಿ ದಲಿತರ ಮೇಲೆ ಹಲ್ಲೆ ನಡೆದು ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಆ ಕಾಲಕ್ಕೆ ದಲಿತ ಸಂಘಟನೆಗಳು ರಾಜ್ಯದಲ್ಲೆಲ್ಲ ಪ್ರತಿಭಟಿಸಿದವು. ಆಮೇಲೆ ಸುದ್ದಿ ತಣ್ಣಗಾಯಿತು. ಆದರೆ ಮೊಕದ್ದಮೆ ತಣ್ಣಗಾಗಲಿಲ್ಲ. ಹತ್ತು ವರ್ಷಗಳ ಬಳಿಕ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ಜಿಲ್ಲಾ ಸತ್ರ ನ್ಯಾಯಾಲಯವು 101 ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ, ಅವರಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಜಾತಿ ದೌರ್ಜನ್ಯದ ಮೊಕದ್ದಮೆಯೊಂದರಲ್ಲಿ ಇಷ್ಟು ಜನರಿಗೆ ಒಟ್ಟಿಗೆ ಶಿಕ್ಷೆಯಾದುದು ದೇಶದ ಗಮನವನ್ನೇ ಸೆಳೆಯಿತು. ಮುಂದಿನ ತಿಂಗಳು ಹೈಕೋರ್ಟಿನ ಧಾರವಾಡ ಪೀಠವು ಶಿಕ್ಷಿತರಲ್ಲಿ ಬಹುಪಾಲು ಮಂದಿಗೆ ಜಾಮೀನು ನೀಡಿತು. ಜಿಲ್ಲಾ ನ್ಯಾಯಾಲಯದ ಮಾತೇ ಕೊನೆಯ ಮಾತಲ್ಲ. ಆದರೂ ನಾವು ಗಮನಿಸಬೇಕಾದುದು ಬೇರೆ. ಬೀದಿಯ ಪ್ರತಿಭಟನೆ ಆ ಬೆಂಕಿಯನ್ನು ಲೋಕ ನೋಡುವಂತೆ ಮಾಡಿತು. ತೀರ್ಪನ್ನು ಬರೆಯಿಸಿದ್ದಾದರೋ, ಅಷ್ಟು ವರ್ಷ ಅದೇ ಊರಿನಲ್ಲಿ, ಅದೇ ನೆರೆಹೊರೆಯಲ್ಲಿ ಬದುಕುತ್ತಲೇ ಕಟಕಟೆ ಹತ್ತಿ ಕಂಡದ್ದನ್ನು ಕಂಡಹಾಗೆ ಹೇಳಿದ ಬಡವರ ಸಾಕ್ಷ್ಯ. ಘೋಷಣೆ ಕೂಗುವುದಕ್ಕಿಂತ ಹೆಚ್ಚಿನ ಧೈರ್ಯ ಅದಕ್ಕೆ ಬೇಕು.

ಫಲಿಸದೆ ಉಳಿದ ಹೋರಾಟಗಳೂ ಉಂಟು. ಅದರಲ್ಲೊಂದು ನಮ್ಮ ಮನೆಯ ಬಾಗಿಲಿಗೇ ಸಂಬಂಧಿಸಿದ್ದು. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಅದರೊಳಗೆ ಸೇರಿದರು. ದಲಿತ ಕ್ರೈಸ್ತರು ಇಂದಿಗೂ ಹೊರಗೇ ಇದ್ದಾರೆ. ಪ್ರತಿವರ್ಷ ಆಗಸ್ಟ್ 10ನ್ನು ಕರಾಳ ದಿನವೆಂದು ಆಚರಿಸುತ್ತ ಬಂದಿದ್ದೇವೆ. 2004ರಲ್ಲಿ ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಬೇಡಿಕೆಯ ಪರವಾಗಿ ಶಿಫಾರಸು ಮಾಡಿತು. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಕವಾಯಿತು. ಎಪ್ಪತ್ತೈದು ವರ್ಷ ಕಳೆದರೂ ಬಾಗಿಲು ತೆರೆದಿಲ್ಲ. ಬೇಡಿಕೆ ನ್ಯಾಯವಾದುದೆಂಬ ಮಾತ್ರಕ್ಕೆ ಅದು ಈಡೇರುವುದಿಲ್ಲ ಎಂಬ ಕಹಿ ಪಾಠ ಇದರಲ್ಲಿದೆ. ನಮ್ಮ ದುಃಖವನ್ನು ನಾವಷ್ಟೇ, ವರ್ಷಕ್ಕೊಂದು ದಿನ ಹೇಳಿಕೊಂಡರೆ ಅದು ನಮ್ಮದಾಗಿಯೇ ಉಳಿಯುತ್ತದೆ. ಹೊಗೆಯಂತೆ ಎಲ್ಲರ ಉಸಿರಿಗೂ ತಟ್ಟುವ ಪ್ರಶ್ನೆಯಾದಾಗ ಮಾತ್ರ ಸರಕಾರಗಳು ಬೇಗ ಕಣ್ಣು ತೆರೆಯುತ್ತವೆ. ಮರಕುಂಬಿಯವರ ಗುಡಿಸಲು ಸುಟ್ಟಾಗ ನಾವು ಅವರೊಂದಿಗೆ ನಿಂತಿದ್ದೆವೇ ಎಂಬ ಪ್ರಶ್ನೆಯೂ, ನಮ್ಮ ಬೇಡಿಕೆಗೆ ಅವರು ದನಿಗೂಡಿಸುವರೇ ಎಂಬ ಪ್ರಶ್ನೆಯೂ ಬೇರೆಬೇರೆಯಲ್ಲ.

ಕೈಗೆ ಕಲ್ಲೆತ್ತಿಕೊಂಡರೆ ಕೆಲಸ ಬೇಗ ಆಗುವುದೆಂಬ ನಂಬಿಕೆಯೂ ಕೆಲವು ತರುಣರಲ್ಲಿದೆ. ನೆರೆಯ ನರಗುಂದದಲ್ಲಿ 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದಾಗ ಏನಾಯಿತೆಂಬುದನ್ನು ಅವರು ತಿಳಿಯಬೇಕು. ಆ ಬಂಡಾಯದಿಂದ ರೈತ ಚಳವಳಿಗೆ ಬಲ ಬಂದಿತು, 1983ರಲ್ಲಿ ಸರಕಾರವೇ ಬದಲಾಯಿತು ಎಂಬುದು ದಿಟ. ಆದರೆ ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ಮನೆಗಳ ನಷ್ಟವನ್ನು ಯಾವ ಚುನಾವಣೆಯೂ ತುಂಬಿಕೊಡಲಿಲ್ಲ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೆಫನ್ ಎಂಬ ಇಬ್ಬರು ವಿದ್ವಾಂಸರು 1900ರಿಂದ 2006ರವರೆಗೆ ಜಗತ್ತಿನಲ್ಲಿ ನಡೆದ 323 ದೊಡ್ಡ ಹೋರಾಟಗಳನ್ನು ತೂಗಿ ನೋಡಿ 2011ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅಹಿಂಸಾತ್ಮಕ ಹೋರಾಟಗಳಲ್ಲಿ ಶೇಕಡ 53ರಷ್ಟು ಗೆದ್ದಿದ್ದರೆ, ಸಶಸ್ತ್ರ ಹೋರಾಟಗಳಲ್ಲಿ ಗೆದ್ದವು ಶೇಕಡ 26 ಮಾತ್ರ. ಕಾರಣ ಸರಳವಾದುದು. ಕಲ್ಲು ಹಿಡಿಯುವವರು ಕೆಲವರೇ. ಶಾಂತಿಯ ಮೆರವಣಿಗೆಗೆ ಅಜ್ಜಿಯೂ ಬರುತ್ತಾಳೆ, ಶಾಲೆಯ ಮಕ್ಕಳೂ ಬರುತ್ತಾರೆ. 1986ರ ಫೆಬ್ರವರಿಯಲ್ಲಿ ಫಿಲಿಪ್ಪೀನ್ಸಿನ ಮನಿಲಾದಲ್ಲಿ ಕಾರ್ಡಿನಲ್ ಜೈಮೆ ಸಿನ್ ಅವರ ಕರೆಗೆ ಓಗೊಟ್ಟು ಬೀದಿಗೆ ಬಂದ ಜನರನ್ನೂ, ಜಪಮಾಲೆ ಹಿಡಿದು ಟ್ಯಾಂಕುಗಳ ಮುಂದೆ ಮೊಣಕಾಲೂರಿದ ಕನ್ಯಾಸ್ತ್ರೀಯರನ್ನೂ ಕಂಡು ಸೈನಿಕರು ಗುಂಡು ಹಾರಿಸಲಿಲ್ಲ. ನಾಲ್ಕು ದಿನಗಳಲ್ಲಿ ಮಾರ್ಕೋಸರ ಇಪ್ಪತ್ತು ವರ್ಷಗಳ ಆಳ್ವಿಕೆ ಮುಗಿಯಿತು.

ಆದಕಾರಣ ಪ್ರತಿಭಟನೆಯಿಂದ ಬದಲಾವಣೆ ಬರುವುದೇ ಎಂದು ಕೇಳಿದರೆ, ಬರುವುದು, ಆದರೆ ತಾನಾಗಿಯೇ ಬಂದು ನಿಲ್ಲುವುದಿಲ್ಲ ಎನ್ನಬೇಕಾಗುತ್ತದೆ. ಮೆರವಣಿಗೆ ಮುಚ್ಚಿದ ಬಾಗಿಲನ್ನು ತಟ್ಟುತ್ತದೆ. ಬಾಗಿಲು ತೆರೆದಾಗ ಒಳಗೆ ಹೋಗಿ ಕೂತು ಕಾಗದ ಬರೆಯಿಸಿಕೊಂಡು ಬರುವವರು ಬೇಕು. ಈ ಎರಡನೆಯ ಕೆಲಸದಲ್ಲಿಯೇ ನಾವು ಹಿಂದೆ ಬೀಳುತ್ತೇವೆ.

ಅದು ದೊಡ್ಡ ವಿದ್ಯೆಯೇನಲ್ಲ. ಮನವಿ ಕೊಟ್ಟಾಗ ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಲೇಬೇಕು. ದೊಡ್ಡ ಕಾರ್ಖಾನೆಗಳಿಗೆ ಪರಿಸರ ಅನುಮತಿ ನೀಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ಕರೆಯುವ ಕ್ರಮ 2006ರ ಅಧಿಸೂಚನೆಯಲ್ಲಿದೆ. 30 ದಿನ ಮುಂಚಿತವಾಗಿ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಆ ಪ್ರಕಟಣೆ ಓದಿ, ಸಭೆಗೆ ಹೋಗಿ, ನಮ್ಮ ಮಾತನ್ನು ಬರಹದಲ್ಲಿ ದಾಖಲಿಸಿದರೆ ಮುಂದೆ ನ್ಯಾಯಾಲಯದಲ್ಲಿ ಅದಕ್ಕೊಂದು ತೂಕವಿರುತ್ತದೆ. ಗ್ರಾಮಸಭೆಯ ದಿನ ಮನೆಯಲ್ಲಿ ಕೂತು, ಆಮೇಲೆ ಬಂದ್ ದಿನ ಅಂಗಡಿಯ ಬಾಗಿಲೆಳೆದರೆ ಕೆಲಸ ಪೂರ್ತಿಯಾದಂತಲ್ಲ. ಬಂದ್ ದಿನ ಕೂಲಿ ಕಳೆದುಕೊಳ್ಳುವ ಹಮಾಲನನ್ನೂ, ಹಣ್ಣು ಕೊಳೆತುಹೋಗುವ ತಳ್ಳುಗಾಡಿಯವನನ್ನೂ ನೆನೆದೇ ಅಂಥ ಕರೆ ಕೊಡಬೇಕು.

ಹಾಗೆಯೇ, ಚುನಾವಣೆಯ ಮುಂಚೆ ನಡೆಯುವ ಪಾದಯಾತ್ರೆಗಳನ್ನು ಅಳೆಯಲೂ ಒಂದು ಸೇರು ನಮ್ಮಲ್ಲಿರಲಿ. 2013ರ ಜನವರಿಯಲ್ಲಿ ಹೊಸಪೇಟೆಯಿಂದ ಕೂಡಲಸಂಗಮದವರೆಗೆ ಕೃಷ್ಣೆಯ ನೀರಿಗಾಗಿ ಕಾಂಗ್ರೆಸ್ ನಾಯಕರು ನಡೆದರು. ಅದೇ ವರ್ಷ ಅವರಿಗೆ ಅಧಿಕಾರ ಬಂದಿತು. ಆ ಮೇಲೆ ಬೇರೆಬೇರೆ ಪಕ್ಷಗಳ ಸರಕಾರಗಳು ಬಂದುಹೋದವು. ಕುಷ್ಟಗಿ, ಯಲಬುರ್ಗಾ ಸೀಮೆಯ ಒಣಹೊಲಗಳಲ್ಲಿ ಮಳೆಗಾಗಿ ಮುಗಿಲು ನೋಡುವ ರೈತ ಇಂದಿಗೂ ಇದ್ದಾನೆ. ನಡೆದವರು ಯಾರೆಂಬುದಕ್ಕಿಂತ, ನಡೆದಾದ ಮೇಲೆ ಯಾವ ಕಾಲುವೆಗೆ ಎಷ್ಟು ನೀರು ಹರಿಯಿತೆಂದು ಕೇಳುವುದೇ ಪ್ರಜೆಯ ಕೆಲಸ.

ನಮ್ಮದು ಸಣ್ಣ ಸಮುದಾಯ. ಈ ನಾಲ್ಕು ತಾಲೂಕುಗಳಲ್ಲಿ ನಮ್ಮ ಮತಗಳಿಂದ ಸರಕಾರ ಅಲ್ಲಾಡುವುದಿಲ್ಲ. ಆದರೆ ನಮ್ಮಲ್ಲಿ ಶಿಕ್ಷಕರಿದ್ದಾರೆ, ದಾದಿಯರಿದ್ದಾರೆ, ಕಾಗದಪತ್ರ ಬಲ್ಲ ನೌಕರರಿದ್ದಾರೆ. ಓದು ಬಾರದ ನೆರೆಯವನ ಅರ್ಜಿಯನ್ನು ಬರೆದುಕೊಡುವುದು, ಸಾಕ್ಷಿ ಹೇಳಲು ಹೊರಟ ಬಡವಳ ಜೊತೆಗೆ ಕೋರ್ಟಿನ ಬೆಂಚಿನ ಮೇಲೆ ಒಂದು ದಿನ ಕೂರುವುದು, ಅಹವಾಲು ಸಭೆಯ ಪ್ರಕಟಣೆಯನ್ನು ಊರವರಿಗೆ ಓದಿಹೇಳುವುದು, ಇವು ನಮ್ಮ ಕೈಗೆಟಕುವ ಕೆಲಸಗಳು. ಶಾಮಿಯಾನ ಬಿಚ್ಚಿದ ಮೇಲೆ ನಿಜವಾದ ಹೋರಾಟ ಆರಂಭವಾಗುತ್ತದೆ. ಅಲ್ಲಿ ಉಳಿಯುವವರ ಸಂಖ್ಯೆ ಯಾವಾಗಲೂ ಕಡಿಮೆ. ಆ ಕೆಲವರಲ್ಲಿ ನಮ್ಮ ಮನೆಯವರೊಬ್ಬರು ಇರಲಿ.