ಸ್ಟಾರ್ಟ್ ಆಗದ ಎಂಜಿನ್ ಕಲಿಸುವ ಪಾಠ

ಏರೋಮಾಡೆಲಿಂಗ್ ಎಂದರೆ ವಿಮಾನ ಹಾರಿಸುವುದು ಎಂದೇ ಎಲ್ಲರ ಭಾವನೆ. ಎನ್‌ಸಿಸಿ ಏರ್ ವಿಂಗ್‌ನಲ್ಲಿ ಮೂರು ವರ್ಷ ಕಳೆದ ನಾನು ಕಂಡಂತೆ ಹಾರಿಸುವುದು ಐದು ನಿಮಿಷದ ಕೆಲಸ, ಎಂಜಿನ್ ಸ್ಟಾರ್ಟ್ ಮಾಡುವುದು ಅರ್ಧ ದಿನದ ಕೆಲಸ! ಪ್ರೊಪೆಲ್ಲರ್ ತಿರುಗಿಸಿ ತಿರುಗಿಸಿ ಕೈಸೋತಾಗ ಸುತ್ತ ನಿಂತವರಿಂದ ಸಲಹೆಗಳ ಸುರಿಮಳೆ. ‘ಸೂಜಿ ಇನ್ನೊಂದು ಸುತ್ತು ಬಿಡು’, ‘ಪ್ಲಗ್ ಬದಲಿಸು’, ‘ನೈಟ್ರೋ ಜಾಸ್ತಿ ಇರೋ ಇಂಧನ ಹಾಕು’. ಮೂರನ್ನೂ ಒಟ್ಟಿಗೆ ಮಾಡಿದರೆ, ಎಂಜಿನ್ ಶುರುವಾದರೂ ಯಾವುದರಿಂದ ಶುರುವಾಯಿತೆಂದು ತಿಳಿಯುವುದಿಲ್ಲ. ಮರುದಿನ ಮತ್ತೆ ಅದೇ ಗೋಳು.

ಈ ಪುಟ್ಟ ಎಂಜಿನ್ ಕೆಲಸ ಮಾಡುವ ಬಗೆ ಗೊತ್ತಿದ್ದರೆ ಅರ್ಧ ಸಮಸ್ಯೆ ಮುಗಿದಂತೆ. ಬೈಕಿನಲ್ಲಿರುವಂತೆ ಇದರಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ, ಗ್ಲೋ ಪ್ಲಗ್ ಇದೆ. ಅದರೊಳಗೆ ಪ್ಲಾಟಿನಂ ಅಂಶವಿರುವ ಸಣ್ಣ ತಂತಿಯ ಸುರುಳಿ. ಶುರುವಿಗೆ 1.5 ವೋಲ್ಟ್ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸುತ್ತೇವೆ. ಆಮೇಲೆ ಬ್ಯಾಟರಿ ತೆಗೆದರೂ ಮೆಥನಾಲ್ ಆವಿ ಪ್ಲಾಟಿನಂ ಜೊತೆ ಸೇರಿ ನಡೆಯುವ ಕ್ರಿಯೆ ಮತ್ತು ಸಿಲಿಂಡರಿನ ಬಿಸಿ ಸುರುಳಿಯನ್ನು ಆರಲು ಬಿಡುವುದಿಲ್ಲ. ಆದ್ದರಿಂದಲೇ ಇದಕ್ಕೆ ಪೆಟ್ರೋಲ್ ಹಾಕಿದರೆ ನಡೆಯದು, ಮೆಥನಾಲೇ ಬೇಕು.

ಇಂಧನದಲ್ಲಿ ಮೂರು ಪದಾರ್ಥಗಳಿರುತ್ತವೆ: ಮೆಥನಾಲ್, ಎಣ್ಣೆ, ನೈಟ್ರೋಮೀಥೇನ್. ಇದು ಟೂ ಸ್ಟ್ರೋಕ್ ಎಂಜಿನ್, ಎಣ್ಣೆಗೆ ಬೇರೆ ತೊಟ್ಟಿ ಇಲ್ಲ. ಇಂಧನದ ಜೊತೆ ಬರುವ ಎಣ್ಣೆಯೇ ಬೇರಿಂಗು, ಪಿಸ್ಟನ್‌ಗಳನ್ನು ಕಾಯಬೇಕು. ಬೈಕಿನ ಎಂಜಿನ್ ಆಯಿಲ್ ಮೆಥನಾಲ್‌ನಲ್ಲಿ ಬೆರೆಯುವುದಿಲ್ಲ. ಅಜ್ಜಿ ತಲೆಗೆ ತಟ್ಟುತ್ತಿದ್ದಳಲ್ಲ, ಆ ಹರಳೆಣ್ಣೆಯ ಜಾತಿಯ ಕ್ಯಾಸ್ಟರ್ ಆಯಿಲ್ ಚೆನ್ನಾಗಿ ಬೆರೆಯುತ್ತದೆ, ಎಂಜಿನ್ ಅತಿಯಾಗಿ ಕಾದಾಗಲೂ ಕೈಬಿಡುವುದಿಲ್ಲ. ಹಳೆಯ ಎಂಜಿನ್‌ಗಳಿಗೆ 20 ಶೇಕಡಾದಷ್ಟು ಎಣ್ಣೆ ಇದ್ದರೆ ಕ್ಷೇಮ. ನೈಟ್ರೋ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಮಾತ್ರ ಸರಿಯಲ್ಲ. ಅದು ಸ್ಟಾರ್ಟಿಂಗ್ ಸುಲಭ ಮಾಡುತ್ತದೆ, ಶಕ್ತಿಯನ್ನೂ ಕೊಡುತ್ತದೆ, ಜೊತೆಗೆ ಖರ್ಚನ್ನೂ ಹೆಚ್ಚಿಸುತ್ತದೆ. ಅಮೆರಿಕದ ಕಾಕ್ಸ್ .049ನಂಥ 0.8 ಸಿಸಿ ಎಂಜಿನ್‌ಗೆ 15 ಶೇಕಡಾಕ್ಕಿಂತ ಹೆಚ್ಚು ನೈಟ್ರೋ ಹಿಡಿಸುತ್ತದೆ. ದೊಡ್ಡ ಎಂಜಿನ್‌ಗಳಿಗೆ 5ರಿಂದ 10 ಸಾಕು. ಕೆಲವು ಅಂತರರಾಷ್ಟ್ರೀಯ ವೇಗ ಸ್ಪರ್ಧೆಗಳಲ್ಲಿ ನೈಟ್ರೋ ಇಲ್ಲದ, 80 ಪಾಲು ಮೆಥನಾಲ್, 20 ಪಾಲು ಕ್ಯಾಸ್ಟರ್‌ನ ಇಂಧನವೇ ನಿಯಮ.

ಇನ್ನೊಂದು ಮಾತು. ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮುಚ್ಚಳ ಸಡಿಲವಿದ್ದ, ಮಳೆಗಾಲ ಕಳೆದ ಡಬ್ಬಿಯ ಇಂಧನದ ಮೇಲೆ ಮೊದಲ ಅನುಮಾನ ಇರಲಿ.

ಈಗ ಎಂಜಿನ್ ಶುರುವಾಗುತ್ತಿಲ್ಲ ಎಂದುಕೊಳ್ಳಿ. ಕೇಳಬೇಕಾದ ಪ್ರಶ್ನೆಗಳು ಮೂರೇ. ಬಿಸಿ ಇದೆಯೇ? ಇಂಧನ ಬರುತ್ತಿದೆಯೇ? ಕಂಪ್ರೆಷನ್ ಇದೆಯೇ?

ಪ್ಲಗ್ ಬಿಚ್ಚಿ ಬ್ಯಾಟರಿಗೆ ಜೋಡಿಸಿ. ಸುರುಳಿ ಪ್ರಕಾಶವಾಗಿ ಕಿತ್ತಳೆ ಬಣ್ಣಕ್ಕೆ ಬರಬೇಕು. ಮಂಕಾಗಿದ್ದರೆ ಬ್ಯಾಟರಿ ಸೋತಿದೆ, ಹೊಸ ಬ್ಯಾಟರಿಗೂ ಕೆಂಪಾಗದಿದ್ದರೆ ಪ್ಲಗ್ ಸತ್ತಿದೆ. ಆಮೇಲೆ ಕಾರ್ಬುರೇಟರ್ ಬಾಯಿಗೆ ಬೆರಳಿಟ್ಟು, ಬ್ಯಾಟರಿ ಜೋಡಿಸದೆ, ಪ್ರೊಪೆಲ್ಲರ್ ಎರಡು ಮೂರು ಸುತ್ತು ತಿರುಗಿಸಿ. ಪೈಪಿನಲ್ಲಿ ಇಂಧನ ಸರಿಯುವುದು ಕಾಣಬೇಕು. ಎಂಜಿನ್ ಒಂದು ಕ್ಷಣ ಗುಡುಗಿ ನಿಂತರೆ, ಹಾಕಿದ ಹನಿ ಇಂಧನ ಮಾತ್ರ ಉರಿದಿದೆ ಎಂದರ್ಥ. ಸೂಜಿ ಕಟ್ಟಿಕೊಂಡಿದೆಯೇ, ಪೈಪಿನಲ್ಲಿ ಬಿರುಕಿದೆಯೇ ನೋಡಿ. ಬ್ಯಾಟರಿ ತೆಗೆದ ಕೂಡಲೇ ನಿಂತರೆ ಇಂಧನ ಅತಿಯಾಗಿರಬಹುದು, ಸೂಜಿಯನ್ನು ಸ್ವಲ್ಪ ಬಿಗಿ ಮಾಡಿ. ಕೊನೆಗೆ ನಿಧಾನವಾಗಿ ತಿರುಗಿಸಿ, ಮೇಲಕ್ಕೆ ಬಂದಾಗ ಸ್ಪ್ರಿಂಗಿನಂತೆ ತಳ್ಳಬೇಕು. ಕಲ್ಲಿನಂತೆ ಅಡ್ಡ ನಿಂತರೆ ಇಂಧನ ತುಂಬಿದೆ. ಒತ್ತಾಯಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ತೆಗೆದು, ತಲೆಕೆಳಗೆ ಮಾಡಿ ತಿರುಗಿಸಿ ಬರಿದು ಮಾಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲಿತಾಂಶ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಎಚ್ಚರಿಕೆಯೂ ಬೇಕು. ಮೆಥನಾಲ್ ವಿಷ, ಚರ್ಮದ ಮೂಲಕವೂ ದೇಹ ಸೇರುತ್ತದೆ. ಬಿಸಿಲಿನಲ್ಲಿ ಅದರ ಜ್ವಾಲೆ ಕಣ್ಣಿಗೇ ಕಾಣುವುದಿಲ್ಲ. ಸ್ಟಾರ್ಟ್ ಮಾಡಲು ಬೆರಳಿನ ಬದಲು ರಬ್ಬರ್ ತೊಡಿಸಿದ ಕೋಲು ಬಳಸಿ. ಶುರುವಾದ ಮೇಲೆ ಸೂಜಿ ಸರಿಪಡಿಸುವುದಾದರೆ ಪ್ರೊಪೆಲ್ಲರ್ ಹಿಂದೆ ನಿಂತೇ ಮಾಡಿ. ಸಂಜೆ ಉಳಿದ ಇಂಧನವನ್ನು ಉರಿಸಿ ಮುಗಿಸಿ, ಒಳಗೆ ನಾಲ್ಕು ಹನಿ ತೆಳು ಎಣ್ಣೆ ಬಿಟ್ಟರೆ ತುಕ್ಕು ಬರದು.

ಈಗ ಬಹುತೇಕ ಮಾಡೆಲ್‌ಗಳಿಗೆ ಎಲೆಕ್ಟ್ರಿಕ್ ಮೋಟಾರ್ ಬಂದಿದೆ, ಇದನ್ನೆಲ್ಲ ಕಲಿತು ಏನು ಲಾಭ ಎಂದು ಗೆಳೆಯರು ಕೇಳುತ್ತಾರೆ. ಡಿಪ್ಲೊಮಾ ಮುಗಿಸಿ ನಾನು ಹೋದ ಒಂದು ಸಂದರ್ಶನದಲ್ಲಿ ‘ಜನರೇಟರ್ ಶುರುವಾಗುತ್ತಿಲ್ಲ, ಏನು ಮಾಡ್ತೀಯಪ್ಪಾ?’ ಎಂದು ಕೇಳಿದರು. ಡೀಸೆಲ್ ಜನರೇಟರ್ ಬಿಚ್ಚಿದ ಅನುಭವ ನನಗಿರಲಿಲ್ಲ. ‘ಇಂಧನ ಬರುತ್ತಿದೆಯೇ, ಗಾಳಿ ಸಿಗುತ್ತಿದೆಯೇ, ಕಂಪ್ರೆಷನ್ ಇದೆಯೇ, ಒಂದೊಂದಾಗಿ ನೋಡ್ತೀನಿ ಸರ್’ ಎಂದೆ. ಮುಂದಿನ ಅರ್ಧ ಗಂಟೆ ಅವರು ಕೇಳಿದ್ದು ಏರೋಮಾಡೆಲಿಂಗ್ ಬಗ್ಗೆಯೇ. ಕೆಲಸ ಸಿಗುತ್ತದೋ ಇಲ್ಲವೋ, ಉತ್ತರಕ್ಕಾಗಿ ಇನ್ನೂ ಕಾಯುತ್ತಿದ್ದೇನೆ. ನಿಮ್ಮ ಕಾಲೇಜಿನ ಎನ್‌ಸಿಸಿ ಕೋಣೆಯ ಬೀರುವಿನಲ್ಲಿ ಹಳೆಯ ಎಂಜಿನ್ ಇದ್ದರೆ, ಎಎನ್‌ಒ ಸರ್ ಅನುಮತಿ ಪಡೆದು ಹೊರಗೆ ತೆಗೆಯಿರಿ. ಒಣಗಿದ ಹರಳೆಣ್ಣೆಯಿಂದ ಜಾಮ್ ಆಗಿದ್ದರೆ ಬಲವಂತ ಬೇಡ. ಮೊದಲು ಮೆಥನಾಲ್‌ನಲ್ಲಿ ನೆನೆಸಿಡಿ, ಮರುದಿನ ನೋಡಿ.