ಎರಡು ಸಮೋಸ, ಒಂದು ಲೆಕ್ಕ

ರಂಜಾನ್ ತಿಂಗಳ ಸಂಜೆ, ಅಲ್ ರೀಮ್ ಐಲ್ಯಾಂಡ್‌ನ ನಮ್ಮ ಕಟ್ಟಡದಲ್ಲಿ ಲಿಫ್ಟ್ ಬಾಗಿಲು ತೆರೆದರೆ ಸಾಕು, ಬಿಸಿ ಸಂಬೂಸದ ಘಮ! ಪಕ್ಕದ ಮನೆಯವರು ಒಂದು ತಟ್ಟೆ ತುಂಬಾ ಕಳಿಸುತ್ತಾರೆ. ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದಲ್ಲ, ನಮ್ಮ ಮನೆಯಿಂದ ಚಕ್ಕುಲಿ, ಕೋಡುಬಳೆ ಹೋಗುತ್ತವೆ.

ಅವರ ಸಂಬೂಸ, ನಮ್ಮ ಸಮೋಸ ಒಂದೇ ಬಳ್ಳಿಯವು. 10ನೇ ಶತಮಾನದ ಬಾಗ್ದಾದಿನ ಅಡುಗೆ ಗ್ರಂಥದಲ್ಲೇ ಇದರ ಹೆಸರಿದೆ. 14ನೇ ಶತಮಾನದಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತ, ದೆಹಲಿಯ ತುಘಲಕ್ ಆಸ್ಥಾನದಲ್ಲಿ ಬಡಿಸುತ್ತಿದ್ದ ಸಂಬೂಸವನ್ನು ವರ್ಣಿಸಿದ್ದಾನೆ. ಒಳಗಿದ್ದದ್ದು ಖೀಮಾ, ಬಾದಾಮಿ, ಪಿಸ್ತಾ. ಆಲೂಗಡ್ಡೆ ಬಂದದ್ದು ಬಹಳ ಆಮೇಲೆ.

ಇನ್ನು ವೈದ್ಯನ ಮಾತು. ಎರಡು ವರ್ಷದ ಹಿಂದೆ ನನ್ನದೇ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು. ಅಂದೇ ಶಪಥ ಮಾಡಿದೆ: ಕರಿದದ್ದು ಮುಟ್ಟುವುದಿಲ್ಲ! ಮೂರನೇ ವಾರ ಸಂಘದ ಕಾರ್ಯಕ್ರಮದಲ್ಲಿ, ನಿಂತು ಹರಟುತ್ತಲೇ ಎಂಟು ಪುಟ್ಟ ಸಮೋಸ ಮುಗಿಸಿದ್ದೆ. ರುಚಿ ಮಾತ್ರ ಒಂದರದ್ದೂ ನೆನಪಿರಲಿಲ್ಲ.

25 ಗ್ರಾಂ ತೂಗುವ ಒಂದು ಪುಟ್ಟ ಸಮೋಸದಲ್ಲಿ ಸುಮಾರು 75 ಕ್ಯಾಲೊರಿ. ಎಂಟಕ್ಕೆ 600, ಅಂದರೆ ಒಂದು ಊಟದಷ್ಟು. ಆಮೇಲೆ ಊಟ ಬೇರೆ! ಮೈದಾದಲ್ಲಿ ನಾರು ಕಡಿಮೆ, ಬೇಗ ಸಕ್ಕರೆಯಾಗುತ್ತದೆ. ಎಣ್ಣೆಯ ಪ್ರತಿ ಗ್ರಾಮಿಗೆ 9 ಕ್ಯಾಲೊರಿ. ಉಪ್ಪನ್ನೂ ಮರೆಯಬೇಡಿ, ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಗಾದರೆ ಬಿಡಬೇಕೆ? ಬೇಡ. ಆಲೂಗಡ್ಡೆಯ ಬದಲು ಹೆಸರುಬೇಳೆ, ಬಟಾಣಿ, ಎಲೆಕೋಸು ತುಂಬಿ. ಎಣ್ಣೆ ಚೆನ್ನಾಗಿ ಕಾದ ಮೇಲೆಯೇ ಬಿಡಿ, ಹೊಗೆಯಾಡುವಷ್ಟು ಬೇಡ. ಕರಿಯುವಾಗ ಒಳಗಿನ ನೀರು ಆವಿಯಾಗಿ ಹೊರಬರುತ್ತಿರುತ್ತದೆ. ಎಣ್ಣೆ ಹೆಚ್ಚಾಗಿ ಒಳಗಿಳಿಯುವುದು ಬಾಣಲೆಯಿಂದ ತೆಗೆದು ಆರುವಾಗ. ಆದ್ದರಿಂದ ತೆಗೆದ ಕೂಡಲೇ ಜಾಲರಿಯಲ್ಲಿ ಸೋರಿಸಿ, ಕಾಗದದ ಮೇಲೆ ಹರಡಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಏರ್ ಫ್ರೈಯರ್ ಇದ್ದರೆ ತೆಳ್ಳಗೆ ಎಣ್ಣೆ ಸವರಿದರೂ ಗರಿಗರಿಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಎರಡನ್ನು ತಟ್ಟೆಗೆ ಹಾಕಿಕೊಂಡು ಕುಳಿತು ತಿನ್ನಿ. ಡಬ್ಬಿಗೆ ಕೈ ಹಾಕಿ ತಿಂದದ್ದಕ್ಕೆ ಲೆಕ್ಕವಿಲ್ಲ. ಆ ದಿನ ರಾತ್ರಿ ಒಂದು ಚಪಾತಿ ಕಡಿಮೆ ಮಾಡಿ, ಊಟದ ನಂತರ ಹದಿನೈದು ನಿಮಿಷ ನಡೆಯಿರಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ನಿಮ್ಮ ವೈದ್ಯರನ್ನು ಕೇಳಿಯೇ ಊಟದ ಅಳತೆ ಬದಲಿಸಿ.

ಈ ಲೆಕ್ಕಕ್ಕೆ ದಿನವೂ ನಡಿಗೆ ಸೇರಿದ ಮೇಲೆ ನನ್ನ ಎಚ್‌ಬಿಎ1ಸಿ 5.8ಕ್ಕೆ ಇಳಿದಿದೆ. ಹೊಸ್ತಿಲು ಇನ್ನೂ ದಾಟಿ ಹೊರಬಂದಿಲ್ಲ. ಪಕ್ಕದ ಮನೆಯ ತಟ್ಟೆ ಈಗಲೂ ಬರುತ್ತದೆ. ಮೂರನೆಯದಕ್ಕೆ ಕೈ ಚಾಚಿದರೆ ಅಡುಗೆಮನೆಯಿಂದ ದನಿ ಕೇಳುತ್ತದೆ: "ರೀ, ಎರಡಾಯ್ತು!"